ತಾಂಬೂಲದ ಚೀಲದಲ್ಲಿದೆ ಮೋಲ್ ಲೆಕ್ಕ

ಮಾನ್ಯ ಸಂಪಾದಕರೇ,

ನಾನು 31 ವರ್ಷ ಪಿಯು ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳಿಕೊಟ್ಟವಳು. ಈಗ ರಾಜಾಜಿನಗರದ ನಮ್ಮ ಮನೆಯ ವರಾಂಡದಲ್ಲಿ ಭಾನುವಾರ ಬೆಳಿಗ್ಗೆ ಏಳೆಂಟು ಮಕ್ಕಳಿಗೆ ಪಾಠ ಮಾಡುತ್ತೇನೆ. ಎಲ್ಲರೂ ಮೊದಲ ಪಿಯುಸಿಯವರು. ಅರ್ಧ ಜನ ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರು.

ಹೋದ ತಿಂಗಳು ಅವರಿಗೆ ಒಂದು ಪ್ರಶ್ನೆ ಕೊಟ್ಟೆ. ಮನೆಯ ಸಿಲಿಂಡರ್‌ನಲ್ಲಿ 14.2 ಕೆಜಿ ಗ್ಯಾಸ್ ಇರುತ್ತದೆ. ಅದೆಲ್ಲ ಬ್ಯುಟೇನ್ ಅಂದುಕೊಳ್ಳಿ. (ಪ್ರೊಪೇನ್ ಕೂಡ ಬೆರೆತಿರುತ್ತದೆ, ಆದರೆ ಉತ್ತರ ಜಾಸ್ತಿ ಬದಲಾಗುವುದಿಲ್ಲ.) ಅದು ಪೂರ್ತಿ ಉರಿದು ಮುಗಿಯಲು ಎಷ್ಟು ಆಮ್ಲಜನಕ ಬೇಕು? ಮಕ್ಕಳು ಸಮೀಕರಣವನ್ನು ಚಕಚಕನೆ ಸರಿದೂಗಿಸಿದರು. ಈ ಕಡೆ 2 ಬ್ಯುಟೇನ್, 13 ಆಮ್ಲಜನಕ. ಆ ಕಡೆ 8 ಇಂಗಾಲದ ಡೈಆಕ್ಸೈಡ್, 10 ನೀರು. ಒಂದೂ ತಪ್ಪಿಲ್ಲ. ಆಮೇಲೆ ಐದು ಜನ ಒಂದೇ ಉತ್ತರ ಬರೆದರು: 92.3 ಕೆಜಿ. ಅಂದರೆ 14.2ನ್ನು 13ರಿಂದ ಗುಣಿಸಿ 2ರಿಂದ ಭಾಗಿಸಿದ್ದರು. ಸರಿಯಾದ ಉತ್ತರ ಸುಮಾರು 51 ಕೆಜಿ.

ಇವರು ದಡ್ಡ ಮಕ್ಕಳಲ್ಲ. ಹತ್ತನೇ ತರಗತಿಯಲ್ಲಿ ಸಮೀಕರಣ ಸರಿದೂಗಿಸುವುದನ್ನು ಚೆನ್ನಾಗಿ ಕಲಿತಿದ್ದಾರೆ. ಆದರೆ ಆ 2 ಮತ್ತು 13 ಏನನ್ನು ಎಣಿಸುತ್ತಿವೆ ಎಂದು ಅವರಿಗೆ ಯಾರೂ ನಿಧಾನವಾಗಿ ಹೇಳಿಲ್ಲ. ಈ ಪತ್ರ ಬರೆಯುತ್ತಿರುವುದು ಅದಕ್ಕೇ.

ಅವತ್ತು ನಾನು ಬೋರ್ಡ್ ಒರೆಸಿ ತಾಂಬೂಲದ ಮಾತು ತೆಗೆದೆ. ಮಕ್ಕಳಲ್ಲಿ ಒಬ್ಬಳ ಅಕ್ಕನ ಮದುವೆ ಹತ್ತಿರದಲ್ಲಿತ್ತು. ಗಾಂಧಿ ಬಜಾರಿನಿಂದ ಸಾಮಾನು ತಂದು, ಮನೆಮಂದಿಯೆಲ್ಲ ಕೂತು ತಾಂಬೂಲದ ಚೀಲ ತುಂಬುತ್ತಿದ್ದರು. ಒಂದು ಚೀಲಕ್ಕೆ 1 ತೆಂಗಿನಕಾಯಿ, 2 ವೀಳ್ಯದೆಲೆ, 1 ಅಡಿಕೆ. 'ಹಾಗಾದರೆ ಒಂದು ಕೆಜಿ ಕಾಯಿಗೆ ಒಂದು ಕೆಜಿ ಅಡಿಕೆ ತರ್ತೀಯಾ?' ಎಂದು ಕೇಳಿದೆ. 'ಅಯ್ಯೋ ಇಲ್ಲ ಮಿಸ್, ಅಷ್ಟು ಅಡಿಕೆ ಏನು ಮಾಡೋದು!' ಎಂದಳು.

ಮೋಲ್ ಅನುಪಾತ ಎಂದರೆ ಇಷ್ಟೇ. ಒಂದಕ್ಕೆ ಒಂದು ಎನ್ನುವುದು ಎಣಿಕೆ, ತೂಕ ಅಲ್ಲ. ಆದರೆ ಅಂಗಡಿಯವನು ಅಡಿಕೆಯನ್ನು ಎಣಿಸಿ ಕೊಡುವುದಿಲ್ಲ, ತೂಗಿ ಕೊಡುತ್ತಾನೆ. ಒಂದು ಅಡಿಕೆ 10 ಗ್ರಾಂ ಇದ್ದರೆ ಒಂದು ಕೆಜಿಗೆ 100 ಅಡಿಕೆ. ಮೊದಲು ತೂಕದಿಂದ ಎಣಿಕೆಗೆ ಬರಬೇಕು, ಆಮೇಲೆ ಚೀಲದ ಲೆಕ್ಕ ಹಾಕಬೇಕು. ಅಣುಗಳನ್ನು ಒಂದೊಂದಾಗಿ ಎಣಿಸಲು ಆಗದು. ಅದಕ್ಕೇ ನೂರು ಎಲೆಯ ಒಂದು ಕಟ್ಟು ಇದ್ದ ಹಾಗೆ ಅಣುಗಳಿಗೂ ಒಂದು ಕಟ್ಟು ಮಾಡಿಕೊಂಡಿದ್ದಾರೆ. ಆ ಕಟ್ಟಿನ ಹೆಸರು ಮೋಲ್. ಒಂದು ಕಟ್ಟು ಬ್ಯುಟೇನ್ ತೂಗುವುದು 58 ಗ್ರಾಂ. ಒಂದು ಕಟ್ಟು ಆಮ್ಲಜನಕ 32 ಗ್ರಾಂ. 2 ಕಟ್ಟು ಬ್ಯುಟೇನಿಗೆ 13 ಕಟ್ಟು ಆಮ್ಲಜನಕ ಎಂದರೆ 116 ಗ್ರಾಂಗೆ 416 ಗ್ರಾಂ. ಇದನ್ನು ಹಾಕಿದ ಮೇಲೆ ಸಿಲಿಂಡರಿನ ಲೆಕ್ಕವನ್ನು ಮಕ್ಕಳೇ ತಿದ್ದಿಕೊಂಡರು. 14.2 ಕೆಜಿ ಗ್ಯಾಸ್ ಮತ್ತು 51 ಕೆಜಿ ಆಮ್ಲಜನಕ ಒಳಗೆ, 43 ಕೆಜಿ ಇಂಗಾಲದ ಡೈಆಕ್ಸೈಡ್ ಮತ್ತು 22 ಕೆಜಿ ನೀರಿನ ಆವಿ ಹೊರಗೆ. ಯಾವ ಕಡೆ ಕೂಡಿಸಿದರೂ ಸುಮಾರು 65 ಕೆಜಿ. ಆ ಮೊತ್ತ ಸರಿಹೋದಾಗ ಅವರ ಮುಖ ನೋಡಬೇಕಿತ್ತು.

ಮನೆಯಲ್ಲಿ 100 ಕಾಯಿ, 150 ಎಲೆ ಇದ್ದರೆ ಎಷ್ಟು ಚೀಲ? 75. ಎಲೆ ಮುಗಿಯಿತು, 25 ಕಾಯಿ ಉಳಿಯಿತು. ಮೊದಲು ಮುಗಿಯುವ ಪದಾರ್ಥವೇ ಕೆಲಸ ನಿಲ್ಲಿಸುತ್ತದೆ. ಪರೀಕ್ಷೆಯಲ್ಲಿ ಮಕ್ಕಳು ಅತಿ ಹೆಚ್ಚು ಹೆದರುವ ಭಾಗ ಇದೇ.

ಇದು ಬರೀ ಅಂಕದ ವಿಷಯವಾಗಿದ್ದರೆ ನಾನು ಇಷ್ಟು ಹೇಳುತ್ತಿರಲಿಲ್ಲ. ಎರಡು ಚಳಿಗಾಲದ ಹಿಂದೆ ನಮ್ಮ ಬೀದಿಯಲ್ಲೇ ಒಬ್ಬ ಹುಡುಗಿ ಸ್ನಾನಕ್ಕೆ ಹೋದವಳು ಬಚ್ಚಲಲ್ಲಿ ಎಚ್ಚರ ತಪ್ಪಿ ಬಿದ್ದಳು. ಒಳಗೆ ಗ್ಯಾಸ್ ಗೀಸರ್ ಉರಿಯುತ್ತಿತ್ತು. ಚಳಿ ಎಂದು ಕಿಟಕಿಗೆ ರಟ್ಟು ಹಚ್ಚಿದ್ದರು. ಬಾಗಿಲು ಒಡೆದು ಹೊರಗೆ ತಂದರು, ಬದುಕಿಕೊಂಡಳು. ಅವಳ ತಾಯಿ ಇವತ್ತಿಗೂ ಆ ಮಾತು ಬಂದರೆ ಅಳುತ್ತಾರೆ.

ಆ ಬಚ್ಚಲ ಲೆಕ್ಕವನ್ನೂ ನಾವು ವರಾಂಡದಲ್ಲಿ ಮಾಡಿದೆವು. 5 ಅಡಿ ಅಗಲ, 7 ಅಡಿ ಉದ್ದ, 8 ಅಡಿ ಎತ್ತರ. ಒಳಗೆ ಸುಮಾರು 7,900 ಲೀಟರ್ ಗಾಳಿ, ಅದರಲ್ಲಿ ಆಮ್ಲಜನಕ 1,660 ಲೀಟರ್. 100 ಗ್ರಾಂ ಗ್ಯಾಸ್ ಉರಿದರೆ 11 ಮೋಲ್‌ಗಿಂತ ಸ್ವಲ್ಪ ಜಾಸ್ತಿ ಆಮ್ಲಜನಕ ಬೇಕು. ಒಂದು ಮೋಲ್ ಅನಿಲ ಎಂದರೆ 22.4 ಲೀಟರ್ ಎಂದುಕೊಂಡು ಒಬ್ಬ ಹುಡುಗ ಅದನ್ನು 22.4ರಿಂದ ಗುಣಿಸಲು ಹೊರಟ. ಅದು ಸೊನ್ನೆ ಡಿಗ್ರಿಯಲ್ಲಿ, ಸಮುದ್ರಮಟ್ಟದ ಒತ್ತಡದಲ್ಲಿ ಸರಿ ಕಣಪ್ಪ, ಬೆಂಗಳೂರು 900 ಮೀಟರ್ ಎತ್ತರದಲ್ಲಿದೆ ಅಲ್ವಾ ಎಂದೆ. ಇಲ್ಲಿ 25 ಡಿಗ್ರಿಯಲ್ಲಿ ಒಂದು ಮೋಲ್ ಅನಿಲಕ್ಕೆ 27 ಲೀಟರ್ ಹತ್ತಿರ ಜಾಗ ಬೇಕು. ಆಗ ಬರುವುದು 300 ಲೀಟರ್. ಕೋಣೆಯ ಆಮ್ಲಜನಕದಲ್ಲಿ ಹೆಚ್ಚುಕಮ್ಮಿ ಐದರಲ್ಲಿ ಒಂದು ಪಾಲು ಹೋಯಿತು. ಬರೀ 100 ಗ್ರಾಂಗೆ!

ಆಮ್ಲಜನಕ ಕಮ್ಮಿಯಾದರೆ ಉರಿ ತಕ್ಷಣ ಆರುವುದಿಲ್ಲ. ಅರೆಬರೆ ಉರಿಯಲು ಶುರುವಾಗುತ್ತದೆ. ಡೈಆಕ್ಸೈಡ್ ಆಗಬೇಕಿದ್ದ ಇಂಗಾಲವೆಲ್ಲ ಕಾರ್ಬನ್ ಮೊನಾಕ್ಸೈಡ್ ಆದರೆ, 2 ಬ್ಯುಟೇನಿಗೆ 13ರ ಬದಲು 9 ಆಮ್ಲಜನಕವೇ ಸಾಕು. ಆ ಅನಿಲಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕವನ್ನು ಬಿಟ್ಟು ಅದನ್ನೇ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. 13 ಎಲ್ಲಿ, 9 ಎಲ್ಲಿ ಎಂದು ಬೋರ್ಡಿನ ಮೇಲೆ ಪಕ್ಕಪಕ್ಕ ಬರೆದಾಗ ವರಾಂಡದಲ್ಲಿ ಯಾರೂ ಮಾತಾಡಲಿಲ್ಲ.

ಪಾಠ ಮಾಡುವ ನನ್ನ ಗೆಳೆಯರಲ್ಲಿ ಒಂದು ಬೇಡಿಕೆ. ಮಕ್ಕಳು ಕೋಚಿಂಗಿನಿಂದ ತರುವ ನೋಟ್ಸ್ ನೋಡಿದ್ದೇನೆ. ಒಂದೇ ಸಾಲಿನ ಸೂತ್ರ, ಅದರೊಳಗೆ ಅಂಕಿ ತುಂಬಿದರೆ ಉತ್ತರ. ನಾಲ್ಕು ಆಯ್ಕೆಯ ಪ್ರಶ್ನೆಗೆ ಅದು ಬೇಗ ಆಗುತ್ತದೆ, ಒಪ್ಪುತ್ತೇನೆ. ಆದರೆ ಮೊದಲ ಒಂದು ತಿಂಗಳು ಅದನ್ನು ದಯವಿಟ್ಟು ಪಕ್ಕಕ್ಕಿಡಿ. ಗ್ರಾಂನಿಂದ ಮೋಲ್, ಮೋಲ್‌ನಿಂದ ಅನುಪಾತ, ಅಲ್ಲಿಂದ ಮತ್ತೆ ಗ್ರಾಂ ಎಂದು ಮಕ್ಕಳ ಕೈಯಲ್ಲೇ ಬರೆಸಿ. ಉತ್ತರ ತಪ್ಪಾದರೂ ಅನುಪಾತದ ಸಾಲು ಸರಿ ಇದ್ದರೆ ಅದಕ್ಕೆ ಅಂಕ ಕೊಡಿ.

ನಿಮ್ಮ ಪತ್ರಿಕೆಯಲ್ಲೂ, ಸಂಪಾದಕರೇ, ವಿದ್ಯಾರ್ಥಿಗಳ ಪುಟದಲ್ಲಿ ವಾರಕ್ಕೊಂದು ಇಂಥ ಮನೆಯ ಪ್ರಶ್ನೆ ಹಾಕಬಹುದೇ? ಕನ್ನಡದಲ್ಲಿ, ಉತ್ತರ ಬಿಡಿಸುವ ಹಂತಗಳ ಜೊತೆ. ಮೊದಲ ಹತ್ತು ಪ್ರಶ್ನೆ ನಾನೇ ಬರೆದು ಕಳಿಸುತ್ತೇನೆ. ಬಚ್ಚಲ ಲೆಕ್ಕ ಚಳಿ ಶುರುವಾಗುವ ಮೊದಲೇ ಬರಲಿ. ಅದರ ಕೆಳಗೆ ಗೀಸರನ್ನು ಬಚ್ಚಲ ಹೊರಗೆ ಹಾಕಿಸಿ, ಗಾಳಿಕಿಂಡಿ ಮುಚ್ಚಬೇಡಿ ಎಂದು ದೊಡ್ಡ ಅಕ್ಷರದಲ್ಲಿ ಛಾಪಿಸಿ.

ಇಂತಿ,
ನಿವೃತ್ತ ರಸಾಯನಶಾಸ್ತ್ರ ಉಪನ್ಯಾಸಕಿ
ರಾಜಾಜಿನಗರ, ಬೆಂಗಳೂರು