ಡೀಸೆಲ್ ದುಡ್ಡು ಇಸ್ಕೊಳ್ಳದ ತಮ್ಮನಿಗೆ

ಸ್ಟೆಂಟ್ ಹಾಕಿಸಿಕೊಂಡು ಮೊನ್ನೆಗೆ ವರ್ಷವಾಯಿತು. ಆ ಕತೆ ನಿಮಗೆಲ್ಲ ಗೊತ್ತು, ಮತ್ತೆ ಹೇಳುವುದಿಲ್ಲ. ದುಡ್ಡು ಹೊಂದಿಸಿದ ಅಣ್ಣ, ಗಂಜಿ ಕಳಿಸಿದ ಅತ್ತಿಗೆ, ವಾರ್ಡಿನ ಹೊರಗೆ ಪಾಳಿ ಹಾಕಿಕೊಂಡು ಕೂತ ನನ್ನ ಹಳೇ ವಿದ್ಯಾರ್ಥಿಗಳು, ಎಲ್ಲರಿಗೂ ಕೈಮುಗಿದೆ.

ಪಕ್ಕದ ಮನೆಯ ತಮ್ಮನ ಲೆಕ್ಕವೇ ಬೇರೆ. ಕುಮಟಾದಲ್ಲಿ ನಡುರಾತ್ರಿ, ಜಡಿಮಳೆ. ನಮ್ಮ ಕಡೆಯವರಿಗೆ ಎದೆನೋವು ಬಂದರೆ ಮಣಿಪಾಲ, ಇಲ್ಲಾ ಹುಬ್ಬಳ್ಳಿ, ಇಲ್ಲಾ ಗೋವಾ. ಅವನು ಮೀನಿನ ಟೆಂಪೋ ತಂದು ಬಾಗಿಲಿಗೇ ನಿಲ್ಲಿಸಿದ. ಮಣಿಪಾಲದ ದಾರಿಯುದ್ದಕ್ಕೂ ಒಂದೇ ಪ್ರಶ್ನೆ: “ಮಾಸ್ತರೇ, ಇದು ಯಾವೂರು ಹೇಳಿ?” ಹೊನ್ನಾವರ, ಮಂಕಿ, ಮುರುಡೇಶ್ವರ, ಭಟ್ಕಳ. ಶಿರೂರಿಗೆ ಬಂದಾಗ ನನ್ನ ಬಾಯಿಂದ ಮಾತೇ ಹೊರಡಲಿಲ್ಲ. ಅವನು ಒಂದೇ ಕೈಯಲ್ಲಿ ಗಾಡಿ ಓಡಿಸುತ್ತಾ ಇನ್ನೊಂದರಲ್ಲಿ ನನ್ನ ಮಣಿಕಟ್ಟು ಹಿಡಿದುಕೊಂಡ. ಅಳುತ್ತಿದ್ದ. ನಾನು ನೋಡಿದೆ ಅಂತ ಅವನಿಗೆ ಇವತ್ತಿಗೂ ಗೊತ್ತಿಲ್ಲ.

ವಾರ್ಡಿನಲ್ಲಿ ನನ್ನ ಬ್ರಶ್ ಒಸಡಿನ ರಕ್ತದಿಂದ ಕೆಂಪಾಗಿದ್ದನ್ನು ನೋಡಿದವನೂ ಅವನೇ. ಎಲೆ-ಅಡಿಕೆ-ತಂಬಾಕಿನ ಕವಳ ಹಾಕುವವರಿಗೆ ಇದೆಲ್ಲ ಇದ್ದದ್ದೇ ಅಂದೆ. ಕೇಳಬೇಕಲ್ಲ! ಹೃದಯದ ಡಾಕ್ಟರು ಒಪ್ಪಿದ ಮೇಲೆ, ರಕ್ತ ತೆಳುವಾಗುವ ಮಾತ್ರೆ ನಿಲ್ಲಿಸದೆಯೇ, ಹಲ್ಲಿನ ಡಾಕ್ಟರ ಹತ್ತಿರ ಎಳೆದುಕೊಂಡು ಹೋದ. ಅವರು ಸಣ್ಣ ಕಡ್ಡಿ ಇಳಿಸಿ ಅಳೆದರು. ಹಲ್ಲು-ಒಸಡಿನ ಸಂದಿನ ಆಳ 3 ಮಿಲಿಮೀಟರ್ ಒಳಗಿದ್ದರೆ ಸರಿ. ನನಗೆ ಕೆಲವು ಕಡೆ 7. ಅಲ್ಲಿನ ಕ್ರಿಮಿಗಳು ಅಗಿಯುವಾಗ, ಬ್ರಶ್ ಮಾಡುವಾಗ ರಕ್ತಕ್ಕೆ ಸೇರುತ್ತವಂತೆ. ಒಸಡಿನ ಉರಿಯೂತ ಒಸಡಿನಲ್ಲೇ ನಿಲ್ಲದೆ ರಕ್ತನಾಳದ ಒಳಪದರಕ್ಕೂ ತೊಂದರೆ ಕೊಡುತ್ತದಂತೆ.

2007ರಲ್ಲಿ ಪ್ರಕಟವಾದ ಒಂದು ಅಧ್ಯಯನದ ವಿಷಯವನ್ನೂ ಹೇಳಿದರು. ಒಸಡು ತೀರಾ ಹಾಳಾಗಿದ್ದ 120 ಜನರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಆಳವಾಗಿ ಸ್ವಚ್ಛ ಮಾಡಿದ್ದರು. ರಕ್ತನಾಳ ಆರೋಗ್ಯವಾಗಿದ್ದರೆ ಚೆನ್ನಾಗಿ ಹಿಗ್ಗುತ್ತದಂತೆ. ಮೊದಲ ದಿನ ಅವರ ತೋಳಿನ ರಕ್ತನಾಳ ಹಿಗ್ಗುವುದು ಕಡಿಮೆಯೇ ಆಗಿತ್ತು. 6 ತಿಂಗಳಿಗೆ ನೋಡಿದರೆ ಇನ್ನೊಂದು ಗುಂಪಿಗಿಂತ ಚೆನ್ನಾಗಿ ಹಿಗ್ಗುತ್ತಿತ್ತು. ಆದರೆ ಒಸಡು ಸರಿಹೋದರೆ ಹಾರ್ಟ್ ಅಟ್ಯಾಕ್ ತಪ್ಪುತ್ತದೆ ಅಂತ ಸಾಬೀತಾಗಿಲ್ಲ, ತಂಬಾಕು ಎರಡಕ್ಕೂ ಕೆಟ್ಟದ್ದು ಅಂತ ಬಿಡಿಸಿ ಹೇಳಿದರು. ಕವಳದ ಡಬ್ಬಿ ಅವತ್ತೇ ತಮ್ಮನ ಕೈಗೆ ಹೋಯಿತು. ಸುಮ್ನೆ ಹೋಗಲಿಲ್ಲ, ಜಗಳ ಆಯಿತು.

ತಮ್ಮಾ, ಡೀಸೆಲ್ ದುಡ್ಡು ಕೇಳಿ ಕೇಳಿ ಸೋತೆ. ಹೋದ ವಾರ ನಿನಗೂ ಒಸಡಿನಲ್ಲಿ ರಕ್ತ ಬರುತ್ತದೆ ಅಂದೆಯಲ್ಲ, ಸೋಮವಾರ ಹತ್ತು ಗಂಟೆಗೆ ನಿನ್ನ ಹೆಸರು ಬರೆಸಿ ಬಂದಿದ್ದೇನೆ. ಮೀನು ಇಳಿಸಿ ಸೀದಾ ಬಾ. ನನ್ನ ಸ್ಕೂಟರಿನಲ್ಲಿ ಹೋಗುವಾ, ಹಿಂದೆ ಕೂತುಕೋ.