ಗೇಟ್ ವಾಲ್ವಿನ ಮೇಲೊಂದು ಕಲ್ಲು: ನಾಗಮಂಗಲದಿಂದ ಗೆಳೆಯನಿಗೊಂದು ಪತ್ರ

ಗೆಳೆಯಾ,

ಮೊನ್ನೆ ಫೋನಿನಲ್ಲಿ ಕೇಳಿದೆಯಲ್ಲ, "ಊರಲ್ಲಿ ಈಗ ಯಾರು ಯಾವ ಕಡೆ?" ಅಂತ. ನಾನು ನಕ್ಕು ಮಾತು ಹಾರಿಸಿದೆ. ಅಪ್ಪ ಪಕ್ಕದಲ್ಲೇ ಎಲೆ ಅಡಿಕೆ ಹಾಕುತ್ತಾ ಕೂತಿದ್ದರು, ಕಿವಿ ಪೂರ್ತಿ ನನ್ನ ಕಡೆಗೇ ಇತ್ತು. ಅದಕ್ಕೇ ಈ ಪತ್ರ.

ನಮ್ಮ ತಾಲ್ಲೂಕಿನ ಕಥೆ ಹೊರಗಿನವರಿಗೆ ಹೇಳಿದರೆ ತಲೆ ತಿರುಗುತ್ತೆ. 2013ರ ವಿಧಾನಸಭೆ ಚುನಾವಣೆಯಲ್ಲಿ ಚಲುವರಾಯಸ್ವಾಮಿ ದಳ (ಜೆಡಿಎಸ್), ಸುರೇಶ್ ಗೌಡ ಕಾಂಗ್ರೆಸ್. ಗೆದ್ದಿದ್ದು ಚಲುವರಾಯಸ್ವಾಮಿ. 2018ರಲ್ಲೂ ಅದೇ ಇಬ್ಬರು. ಆದರೆ ಈ ಸಲ ಚಲುವರಾಯಸ್ವಾಮಿ ಕಾಂಗ್ರೆಸ್, ಸುರೇಶ್ ಗೌಡ ದಳ. ಸುರೇಶ್ ಗೌಡ 47 ಸಾವಿರಕ್ಕೂ ಜಾಸ್ತಿ ಮತಗಳಿಂದ ಗೆದ್ದರು. 2023ರಲ್ಲಿ ಮತ್ತೆ ಅವರಿಬ್ಬರೇ. ನಾಲ್ಕು ಸಾವಿರ ಚಿಲ್ಲರೆ ಮತಗಳಲ್ಲಿ ಚಲುವರಾಯಸ್ವಾಮಿ ಗೆದ್ದು ಮಂತ್ರಿಯಾದರು. ಕಬಡ್ಡಿಯಲ್ಲಿ ಅರ್ಧ ಆಟ ಆದಮೇಲೆ ಅಂಕಣ ಬದಲಾಯಿಸ್ತಾರಲ್ಲ, ಹಾಗೆ.

ಇದಕ್ಕೆ ಬೀಜ ಬಿದ್ದಿದ್ದು 2016ರ ರಾಜ್ಯಸಭೆ ಚುನಾವಣೆಯಲ್ಲಿ. ದಳದ ಎಂಟು ಶಾಸಕರು ಕಾಂಗ್ರೆಸ್ ಅಭ್ಯರ್ಥಿಗೆ ಅಡ್ಡಮತ ಹಾಕಿ ಅಮಾನತಾದರು. ಅವರಲ್ಲಿ ಚಲುವರಾಯಸ್ವಾಮಿಯೂ ಸೇರಿ ಏಳು ಜನ 2018ರ ಮಾರ್ಚ್‌ನಲ್ಲಿ ರಾಜೀನಾಮೆ ಕೊಟ್ಟು ಕಾಂಗ್ರೆಸ್ ಸೇರಿದರು. ಪಕ್ಷಾಂತರ ತಡೆಯೋ ಕಾಯ್ದೆ 1985ರಿಂದ ಇದೆ. ಅವಧಿ ಮುಗಿಯೋಕೆ ಎರಡು ತಿಂಗಳು ಇದ್ದಾಗ ಅದಕ್ಕೆ ಯಾರು ಹೆದರುತ್ತಾರೆ?

ನಿಮ್ಮ ಚಿಕ್ಕಪ್ಪ "ಅಣ್ಣ ಎಲ್ಲೋ ನಾನೂ ಅಲ್ಲೇ" ಅಂತ ಹೊರಟರು. ನಮ್ಮಪ್ಪನನ್ನೂ ಕರೆದರು. ಅಪ್ಪ ಏನಂದರು ಗೊತ್ತಾ? "ತೆನೆ ಹೊತ್ತವಳನ್ನ ಬಿಟ್ಟು ಇನ್ನೊಬ್ಬರ ಕೈ ಹಿಡಿಯೋ ವಯಸ್ಸಾ ಇದು?"

ನಿನಗೆ ನೆನಪಿರಬೇಕು, ನಮ್ಮ ಬೋರ್‌ನಿಂದ ನಿಮ್ಮ ಚಿಕ್ಕಪ್ಪನ ತೆಂಗಿನ ತೋಟಕ್ಕೆ ಒಂದು ಪೈಪ್ ಹೋಗಿತ್ತು. ವಾರಕ್ಕೆ ಎರಡು ರಾತ್ರಿ ನೀರು. ಬದಲಿಗೆ ಅವರ ಟ್ರ್ಯಾಕ್ಟರ್ ನಮ್ಮ ರಾಗಿ ಹೊಲಕ್ಕೆ. ಕಾಗದ ಪತ್ರ ಏನೂ ಇಲ್ಲ, ಎಲ್ಲ ಬಾಯಿಮಾತು. 2018ರ ಮೇನಲ್ಲಿ ಫಲಿತಾಂಶ ಬಂದ ದಿನ ನಮ್ಮವರು ಬೇಕಂತಲೇ ಅವರ ಮನೆ ಮುಂದೆ ಪಟಾಕಿ ಸರ ಹಚ್ಚಿದರು. ಮಾರನೇ ದಿನ ಟ್ರ್ಯಾಕ್ಟರ್ ಬರಲಿಲ್ಲ. ಸಂಜೆಗೆ ಅಪ್ಪ ಹೋಗಿ ಗೇಟ್ ವಾಲ್ವ್ ಮುಚ್ಚಿದರು. ಮುಚ್ಚಿದ್ದು ಸಾಲದು ಅಂತ ಅದರ ಮೇಲೊಂದು ಚಪ್ಪಡಿ ಕಲ್ಲು ಹೇರಿ ಬಂದರು.

ಅದೇ ವಾರ ಬೆಂಗಳೂರಿನಲ್ಲಿ ದಳ, ಕಾಂಗ್ರೆಸ್ ಒಂದಾಗಿಬಿಟ್ಟವು! 37 ಸೀಟಿನ ಕುಮಾರಸ್ವಾಮಿ ಮುಖ್ಯಮಂತ್ರಿ. ಚಾಮುಂಡೇಶ್ವರಿಯಲ್ಲಿ ಸಿದ್ದರಾಮಯ್ಯನವರನ್ನು 36 ಸಾವಿರ ಮತಗಳಿಂದ ಸೋಲಿಸಿದ ಜಿ.ಟಿ. ದೇವೇಗೌಡರು ಮಂತ್ರಿ, ಸೋತ ಸಿದ್ದರಾಮಯ್ಯನವರು ಅದೇ ಸರ್ಕಾರದ ಸಮನ್ವಯ ಸಮಿತಿಗೆ ಅಧ್ಯಕ್ಷರು. "ಇನ್ನಾದರೂ ಆ ಕಲ್ಲು ತೆಗೀರಪ್ಪ" ಅಂದೆ. "ಅದು ಬೆಂಗಳೂರಿನ ವಿಷ್ಯ" ಅಂದರು.

ಅವರು ಹೇಳಿದ್ದೇ ನಿಜವಾಯಿತು. ಆ ವರ್ಷದ ನವೆಂಬರಿನ ಮಂಡ್ಯ ಲೋಕಸಭಾ ಉಪಚುನಾವಣೆಯಲ್ಲಿ ಮೈತ್ರಿಯ ಶಿವರಾಮೇಗೌಡರು 3 ಲಕ್ಷಕ್ಕೂ ಜಾಸ್ತಿ ಅಂತರದಲ್ಲಿ ಗೆದ್ದಿದ್ದರು. ಆರೇ ತಿಂಗಳಲ್ಲಿ ಅದೇ ಮೈತ್ರಿಯ, ಕುಮಾರಸ್ವಾಮಿಯವರ ಮಗ ನಿಖಿಲ್, ಪಕ್ಷೇತರ ಸುಮಲತಾ ಎದುರು 1,25,876 ಮತಗಳಿಂದ ಸೋತರು. ಜಿಲ್ಲೆಯ ಏಳಕ್ಕೆ ಏಳೂ ಶಾಸಕರು ದಳದವರೇ ಆಗಿದ್ದಾಗ! ಕಾಂಗ್ರೆಸ್ ಕಾರ್ಯಕರ್ತರು ಹಗಲು ಹೊತ್ತು ಮೈತ್ರಿ, ರಾತ್ರಿ ಸುಮಲತಾ ಗುರುತಿನ ಕಹಳೆ. ಬೇಕಾದರೆ ನಿಮ್ಮ ಚಿಕ್ಕಪ್ಪನನ್ನೇ ಕೇಳು. ಮೈಸೂರಲ್ಲಿ ದಳದವರೇನು ಕಮ್ಮಿಯಾ? ನಮ್ಮವರು ಬಿಜೆಪಿಗೆ ಹಾಕಿದ್ದಾರೆ ಅಂತ ಜಿ.ಟಿ. ದೇವೇಗೌಡರೇ ಬಾಯಿಬಿಟ್ಟು ಹೇಳಿದರು. ಅದಾದ ಮೇಲೆ ಕೆ.ಆರ್. ಪೇಟೆ ನಾರಾಯಣಗೌಡರು ಹೋದರು. ದಳದ ರಾಜ್ಯಾಧ್ಯಕ್ಷರಾಗಿದ್ದ ವಿಶ್ವನಾಥ್ ಅವರೇ ಹೋದರು. ಸರ್ಕಾರವೂ ಹೋಯಿತು.

ಬಿಟ್ಟು ಹೋದವರೆಲ್ಲ ದ್ರೋಹಿಗಳು ಅಂತ ನಾನು ಹೇಳುವುದಿಲ್ಲ. ದಳದಲ್ಲಿ ಎರಡನೇ ಸಾಲಿನವರು ಒಂದು ಮಟ್ಟಕ್ಕೆ ಬೆಳೆದ ಮೇಲೆ ಮುಂದಕ್ಕೆ ದಾರಿ ಇಲ್ಲ. ಮೊದಲ ಸಾಲು ಒಂದೇ ಮನೆಯದು. 2005ರಲ್ಲಿ ಸಿದ್ದರಾಮಯ್ಯನವರನ್ನು ಉಚ್ಚಾಟನೆ ಮಾಡಿದಾಗಲೇ ಇದು ಕಂಡಿತ್ತು. ಅವರು ಹೊರಗೆ ಹೋಗಿ ಎರಡು ಸಲ ಮುಖ್ಯಮಂತ್ರಿಯಾದರು. (ಈ ಸಾಲನ್ನು ಅಪ್ಪನಿಗೆ ಓದಿ ಹೇಳಬೇಡ ಮಾರಾಯ.) ನನ್ನ ಸಿಟ್ಟು ಬೇರೆ. ಜಗಳ ಆಡುವಾಗ ನಮ್ಮನ್ನು ಕರೀತಾರೆ, ರಾಜಿ ಆಗುವಾಗ ಒಂದು ಮಾತೂ ತಿಳಿಸಲ್ಲ. ಅವರಿಗೆ ಇನ್ನೊಂದು ಪಕ್ಷದ ಟಿಕೆಟ್ ಸಿಗುತ್ತೆ. ನಮಗೆ ಬದು ಹಂಚಿಕೊಳ್ಳೋಕೆ ಇನ್ನೊಬ್ಬ ಪಕ್ಕದವನು ಸಿಗ್ತಾನಾ?

2023ರ ಸೆಪ್ಟೆಂಬರಿನಲ್ಲಿ ದಳ ಬಿಜೆಪಿ ಜೊತೆ ಸೇರಿತು. ಬೇಡ ಅಂದ ರಾಜ್ಯಾಧ್ಯಕ್ಷ ಸಿ.ಎಂ. ಇಬ್ರಾಹಿಂ ಅವರ ಸ್ಥಾನವೇ ಹೋಯಿತು. ಮುಂದಿನ ಏಪ್ರಿಲ್, ಲೋಕಸಭೆ ಮತದಾನಕ್ಕೆ ನಾಲ್ಕು ದಿನ ಇತ್ತು. ಅಪ್ಪ ಅರಳಿಕಟ್ಟೆ ಮೇಲೆ ಕೂತು ವೋಟರ್ ಚೀಟಿ ಬರೆಯುತ್ತಿದ್ದರು. ಒಬ್ಬ ಹುಡುಗ ಬಂದು ಅವರ ಹಸಿರು ಶಾಲಿನ ಮೇಲೆ ಕೇಸರಿ ಶಾಲು ಹೊದಿಸಿದ. ಅಪ್ಪ ಏನೂ ಮಾತಾಡಲಿಲ್ಲ. ಕೈಯಲ್ಲಿದ್ದ ಚೀಟಿ ಬರೆದು ಮುಗಿಸಿದರು. ಆಮೇಲೆ ಆ ಶಾಲು ತೆಗೆದು, ನಾಲ್ಕು ಮಡಿಕೆ ಮಡಚಿ, ಗಾಳಿಗೆ ಹಾರದ ಹಾಗೆ ಚೀಟಿಗಳ ಮೇಲಿಟ್ಟರು. ಕುಮಾರಣ್ಣ 2,84,620 ಮತಗಳಿಂದ ಗೆದ್ದಾಗಲೂ ಅವರ ಮುಖದಲ್ಲಿ ಹಿಂದಿನ ಖುಷಿ ಇರಲಿಲ್ಲ.

ನಿಮ್ಮ ಚಿಕ್ಕಪ್ಪನ ಪಾಡು ಇನ್ನೊಂದು ಥರ. ಕಾಂಗ್ರೆಸ್‌ನಲ್ಲಿ ಸಿದ್ದರಾಮಯ್ಯ ಬಣ, ಡಿ.ಕೆ. ಬಣ. "ನಾನು ಯಾವ ಕಡೆ ಅಂತ ನಂಗೇ ತಿಳೀದು ಕಣ್ಲಾ" ಅಂದರು ಟೀ ಅಂಗಡಿಯಲ್ಲಿ. ಅತ್ತ 2024ರ ದಸರಾ ಉದ್ಘಾಟನೆಯಲ್ಲಿ ದಳದ ಜಿ.ಟಿ. ದೇವೇಗೌಡರು, ಮುಡಾ ನಿವೇಶನದ ಆರೋಪಕ್ಕೆ ಸಿದ್ದರಾಮಯ್ಯ ಯಾಕೆ ರಾಜೀನಾಮೆ ಕೊಡಬೇಕು ಅಂತ ವೇದಿಕೆಯಲ್ಲೇ ಕೇಳಿದ್ದರು. ಇದನ್ನೆಲ್ಲ ಇಟ್ಟುಕೊಂಡು ನೀನು ಕೇಳಿದ್ದಕ್ಕೆ ನಾನು ಏನು ಉತ್ತರ ಕೊಡಲಿ ಹೇಳು.

ಹಾಂ, ಒಂದು ಸುದ್ದಿ. ಚಿಕ್ಕಪ್ಪ ಆಮೇಲೆ ಕೊರೆಸಿದ್ದ ಬೋರ್ ಬತ್ತಿಹೋಯಿತು. ಹೋದ ವಾರ ಅವರೇ ಬಂದು ನಮ್ಮ ಜಗಲಿ ಮೇಲೆ ಕೂತರು. ಅಮ್ಮ ಕಾಫಿ ಕೊಟ್ಟಳು. ಅಪ್ಪ ಕಾಫಿ ಮುಗಿಯೋವರೆಗೂ ಸುಮ್ನೆ ಇದ್ದು, ಟಾರ್ಚ್ ತಗೊಂಡು ಎದ್ದರು. ಮೂವರೂ ಸೇರಿ ಕಲ್ಲು ಸರಿಸಿದೆವು. ವಾಲ್ವ್ ಪೂರ್ತಿ ತುಕ್ಕು. ತಿರುಗಿಸಿದರೆ ಹಿಡಿಯೇ ಕೈಗೆ ಬಂತು.

ಈಗ ಹೊಸದಕ್ಕೆ ದುಡ್ಡು ಯಾರು ಕೊಡಬೇಕು ಅಂತ ಜಗಳ. ಟ್ರ್ಯಾಕ್ಟರ್ ನಿಲ್ಲಿಸಿದವನು ಕೊಡಲಿ ಅಂತ ಅಪ್ಪ. ಮುಚ್ಚಿದವರು ಕೊಡಲಿ ಅಂತ ಚಿಕ್ಕಪ್ಪ. ನೀನು ಹಬ್ಬಕ್ಕೆ ಬರುವಾಗ ಎರಡು ಇಂಚಿನ ಗೇಟ್ ವಾಲ್ವ್ ಒಂದು ತಗೊಂಡು ಬಾ. ಹಿತ್ತಾಳೆಯದೇ ಇರಲಿ. ದುಡ್ಡು ನಾನು ಕೊಡುತ್ತೇನೆ. ಇಬ್ಬರಿಗೂ ಹೇಳುವುದು ಬೇಡ.

ನಿನ್ನ ಗೆಳೆಯ