ನಮ್ಮ ಗುಡ್ಡದ ಹಾದಿಗೆ ಜೆಸಿಬಿ ಬೇಡ

ಸಂಪಾದಕರಿಗೆ ನಮಸ್ಕಾರ.

ಕಳೆದ ತಿಂಗಳು ನಮ್ಮ ಗ್ರಾಮಸಭೆಯಲ್ಲಿ ಒಂದು ಮಾತು ಬಂತು. ಊರಿನ ಹಿಂದಿನ ಗುಡ್ಡದ ಕಾಲುಹಾದಿಯಲ್ಲಿ ಹುಡುಗರು ಸೈಕಲ್ ಓಡಿಸುತ್ತಿದ್ದಾರೆ, ಹೊರಗಿನವರೂ ಬರಲು ಶುರು ಮಾಡಿದ್ದಾರೆ. ಜೆಸಿಬಿ ತರಿಸಿ ಹತ್ತು ಅಡಿ ಅಗಲ ಮಾಡಿಬಿಟ್ಟರೆ ಜೀಪೂ ಹೋಗುತ್ತದೆ, ನಾಲ್ಕು ಜನರಿಗೆ ಬಾಡಿಗೆಯೂ ಸಿಗುತ್ತದೆ ಅಂತ. ಹೇಳಿದವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಆದರೂ ನಾನು ಎದ್ದು ನಿಂತು ಬೇಡ ಎಂದೆ. ಯಾಕೆ ಎಂದು ಅಲ್ಲಿ ಪೂರ್ತಿ ಹೇಳಲು ಆಗಲಿಲ್ಲ. ಅದಕ್ಕೇ ಈ ಪತ್ರ.

ನನಗೆ ಈಗ 61 ವರ್ಷ. ಕೊಡಗಿನ ಮಾದಾಪುರದ ಹತ್ತಿರ ಮೂರು ಎಕರೆ ಕಾಫಿ ತೋಟವಿದೆ. ಚಿಕ್ಕವಳಿದ್ದಾಗ ನಾನು ಶಾಲೆಗೆ ಹೋಗುತ್ತಿದ್ದುದು ಇದೇ ಹಾದಿಯಲ್ಲಿ. ಪ್ರತಿ ವರ್ಷ ಮೇ ತಿಂಗಳಲ್ಲಿ, ತೋಟದ ಮರಕಪಾತು (ನೆರಳಿನ ಮರಗಳ ಕೊಂಬೆ ಸವರುವ ಕೆಲಸ) ಮುಗಿದ ಮೇಲೆ, ಅಪ್ಪ ಹಾರೆ ಹೆಗಲಿಗೆ ಹಾಕಿಕೊಂಡು ಹಾದಿಯುದ್ದಕ್ಕೂ ಹೋಗುತ್ತಿದ್ದರು. ಅಲ್ಲಲ್ಲಿ ಓರೆಯಾಗಿ ಒಂದು ಕಣಿ ತೆಗೆದು, ನೀರು ಕೆಳಗಿನ ಪಕ್ಕಕ್ಕೆ ಹೋಗುವ ಹಾಗೆ ಮಾಡುತ್ತಿದ್ದರು. ಅದಕ್ಕೆ ಯಾರೂ ಕೂಲಿ ಕೊಡುತ್ತಿರಲಿಲ್ಲ. ಡಾಂಬರು ರಸ್ತೆ ಬಂದ ಮೇಲೆ ಅತ್ತ ಯಾರೂ ಹೋಗಲಿಲ್ಲ. ಲಂಟಾನ ಬೆಳೆದು ಹಾದಿಯೇ ಮುಚ್ಚಿಹೋಯಿತು.

ಮೂರು ವರ್ಷದ ಹಿಂದೆ ಅದನ್ನು ಮತ್ತೆ ಬಿಡಿಸಿದ್ದು ನನ್ನ ಅಕ್ಕನ ಮಗ ಮತ್ತು ಅವನ ಜೊತೆಯ ಐದಾರು ಹುಡುಗರು. ಗುಡ್ಡ ಹತ್ತುವ ದಪ್ಪ ಟೈರಿನ ಸೈಕಲ್ ಹುಚ್ಚು ಅವರಿಗೆ. ತೋಟದವರನ್ನೆಲ್ಲ ಕೇಳಿ, ಒಪ್ಪಿಗೆ ಪಡೆದೇ ಕತ್ತಿ ಹಿಡಿದರು. ಆದರೆ ಮೊದಲ ವರ್ಷ ಒಂದು ತಪ್ಪು ಮಾಡಿದರು. ಹಳೆಯ ಹಾದಿ ಸುತ್ತು ಬಳಸಿ ಹೋಗುತ್ತದೆ ಅಂತ, ತುದಿಯಿಂದ ಸೀದಾ ಕೆಳಕ್ಕೆ ಒಂದು ಹೊಸ ದಾರಿ ಕಡಿದರು. ಬೇಸಿಗೆಯಲ್ಲಿ ಅದು ಚೆನ್ನಾಗಿಯೇ ಇತ್ತು. ಜುಲೈನಲ್ಲಿ ಒಂದು ದಿನ ನಮ್ಮ ಮನೆಯ ಅಳತೆಯಲ್ಲಿ 6 ಇಂಚು 20 ಸೆಂಟ್ಸ್ (ಒಂದು ಇಂಚಿಗೆ ನೂರು ಸೆಂಟ್ಸ್) ಮಳೆ ಬಿತ್ತು. ಮಾರನೇ ದಿನ ಹೋಗಿ ನೋಡಿದರೆ ದಾರಿ ಇದ್ದ ಕಡೆ ಮೊಣಕಾಲುದ್ದದ ತೋಡು. ಅಲ್ಲಿಂದ ಹೋದ ಕೆಂಪು ಮಣ್ಣೆಲ್ಲ ಕೆಳಗಿನವರ ಗದ್ದೆಯಲ್ಲಿ, ಆಗಷ್ಟೇ ನಾಟಿ ಮಾಡಿದ ಪೈರಿನ ಮೇಲೆ ಕೂತಿತ್ತು. ಆ ಮನೆಯವರು ಸಿಟ್ಟಾಗಿದ್ದರಲ್ಲಿ ಏನು ತಪ್ಪಿದೆ? ಹುಡುಗರು ಹೋಗಿ ಕ್ಷಮೆ ಕೇಳಿದರು. ಮೂರು ದಿನ ಗದ್ದೆಗೆ ಇಳಿದು ಮಣ್ಣು ಎತ್ತಿ ಹಾಕಿದರು. ನನಗೆ ಅವರ ಮೇಲೆ ನಂಬಿಕೆ ಬಂದಿದ್ದು ಆಗ.

ಆಮೇಲೆ ನಾನೂ ಸೇರಿಕೊಂಡೆ. ಸೈಕಲ್ ವಿಷಯ ನನಗೆ ಗೊತ್ತಿಲ್ಲ, ಆದರೆ ನೀರು ಗೊತ್ತು. ಅಪ್ಪನ ಹಾದಿ ಸುತ್ತು ಬಳಸುತ್ತಿದ್ದುದು ಸುಮ್ನೆ ಅಲ್ಲ. ನನ್ನ ಅಕ್ಕನ ಮಗ ಓದಿಕೊಂಡು ಬಂದ ಲೆಕ್ಕವೂ ಅದನ್ನೇ ಹೇಳುತ್ತಿತ್ತು. ಹಾದಿಯ ಏರು, ಗುಡ್ಡದ ಏರಿನ ಅರ್ಧಕ್ಕಿಂತ ಜಾಸ್ತಿ ಇರಬಾರದು. ಒಟ್ಟಾರೆ ಹತ್ತು ಅಡಿ ಹೋಗುವಷ್ಟರಲ್ಲಿ ಒಂದು ಅಡಿಗಿಂತ ಹೆಚ್ಚು ಏರದಿದ್ದರೆ ಒಳ್ಳೆಯದು. ಹಾದಿಯ ಮೈ ಒಂಚೂರು ಹೊರಕ್ಕೆ, ಕೆಳಗಿನ ಪಕ್ಕಕ್ಕೆ ವಾಲಿರಬೇಕು. ಆಗ ನೀರು ಹಾದಿಯ ಉದ್ದಕ್ಕೆ ಹರಿಯದೆ ಅಡ್ಡಕ್ಕೆ ಜಾರಿ ಹೋಗುತ್ತದೆ. ಮಧ್ಯೆ ಮಧ್ಯೆ ಇಳಿಜಾರಿನಲ್ಲೇ ಒಂದು ಸಣ್ಣ ತಗ್ಗು, ಮತ್ತೆ ಒಂದು ಸಣ್ಣ ಏರು ಕೊಟ್ಟರೆ ನೀರು ಅಲ್ಲಿ ಹೊರಗೆ ಬೀಳುತ್ತದೆ. ಅಳೆಯಲು ನಾವು ದೊಡ್ಡ ಉಪಕರಣ ಏನೂ ತರಲಿಲ್ಲ. ಮನೆ ಕಟ್ಟುವ ಮೇಸ್ತ್ರಿಗಳ ಹತ್ತಿರ ಇರುವ ನೀರು ತುಂಬಿದ ಲೆವೆಲ್ ಪೈಪೇ ಸಾಕಾಯಿತು.

ಸೀದಾ ದಾರಿಯನ್ನು ಮುಚ್ಚಿ, ಹಳೆಯ ಹಾದಿಯ ಜಾಡನ್ನೇ ಹಿಡಿದೆವು. ಎಂಟು ಜನ ಒಂದು ಭಾನುವಾರ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ದುಡಿದರೆ 25 ಮೀಟರ್ ಆಗುತ್ತಿತ್ತು, ಕಲ್ಲು ಸಿಕ್ಕಿದರೆ ಅದೂ ಇಲ್ಲ. ಅಗೆದ ಮಣ್ಣನ್ನು ಅಂಚಿನಲ್ಲಿ ರಾಶಿ ಹಾಕಿದರೆ ಅದೇ ನೀರಿಗೆ ಕಟ್ಟೆ ಆಗುತ್ತದೆ, ಹಾಗಾಗಿ ದೂರಕ್ಕೆ ಚೆಲ್ಲಬೇಕು. ಮರದ ಬೇರು ಕಡಿಯಲಿಲ್ಲ. ಒರತೆ ಇರುವ ಒಂದು ಜಾಗದಲ್ಲಿ ಕಲ್ಲು ಹಾಸಿದೆವು. ಅಲ್ಲಿ ಅಡಿಕೆ ಮರದ ಸೇತುವೆ ಮಾಡೋಣ ಎಂದವರೂ ಇದ್ದರು. ಆದರೆ ನಮ್ಮ ಮಳೆಗೆ ಮರದ ಮೇಲೆ ಪಾಚಿ ಹಿಡಿದರೆ ಕಾಲೂ ನಿಲ್ಲುವುದಿಲ್ಲ, ಚಕ್ರವೂ ನಿಲ್ಲುವುದಿಲ್ಲ.

ಈಗ ಹಾದಿ ಒಂದೂವರೆ ಕಿಲೋಮೀಟರ್ ಇದೆ, ಅಗಲ ಎರಡೂವರೆ ಅಡಿ. ಎರಡು ಮಳೆಗಾಲ ಕಂಡಿದೆ. ಮಕ್ಕಳು, ಸೌದೆ ತರುವವರು, ತೋಟದ ಕೆಲಸದವರು ಎಲ್ಲರೂ ಅದರಲ್ಲಿ ನಡೆಯುತ್ತಾರೆ. ಮೇಲೆ ಅರಣ್ಯ ಇಲಾಖೆಯ ಗಡಿಕಲ್ಲು ಇದೆ, ಅಲ್ಲಿಗೆ ನಿಲ್ಲಿಸಿದ್ದೇವೆ. ಪಕ್ಕದ ದೇವರಕಾಡಿಗೆ ಕತ್ತಿ ತಾಗಿಸಿಲ್ಲ.

ಇದನ್ನು ಹತ್ತು ಅಡಿ ಮಾಡಬೇಕಾದರೆ ಗುಡ್ಡದ ಮೈಯನ್ನು ಆಳಕ್ಕೆ ಕಡಿಯಬೇಕು. ಮೇಲಿನ ಮಣ್ಣಿಗೆ ಆಸರೆ ಇರುವುದಿಲ್ಲ. 2018ರ ಆಗಸ್ಟ್ ಮರೆತುಹೋಯಿತಾ? ಹಟ್ಟಿಹೊಳೆ, ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡಗಳು ಹೇಗೆ ಜಾರಿದವು ಎಂದು ನಾವೆಲ್ಲ ಕಣ್ಣಾರೆ ನೋಡಿದವರು. ಆ ವಾರ ನಾನು ನನ್ನ ಮನೆಯಲ್ಲಿ ಮಲಗಲಿಲ್ಲ. ಗುಡ್ಡದ ಬುಡಕ್ಕೆ ಯಂತ್ರ ಹಾಕುವ ಮಾತು ಕೇಳಿದರೆ ಇವತ್ತಿಗೂ ನನ್ನ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ.

ಹಾಗಾಗಿ ಪಂಚಾಯಿತಿಯವರಲ್ಲಿ ನನ್ನ ಬೇಡಿಕೆ ಇಷ್ಟೇ. ಈ ಹಾದಿ ಕಾಲುಹಾದಿಯಾಗಿಯೇ ಉಳಿಯಲಿ ಎಂದು ಒಂದು ನಿರ್ಣಯ ಬರೆದುಕೊಡಿ. ಹಣ ಬೇಡ. ಮಧ್ಯದಲ್ಲಿ ಒಂದು ತುಂಡು ಪೈಸಾರಿ, ಅಂದರೆ ಸರ್ಕಾರಿ ಜಾಗ ಬರುತ್ತದೆ. ಅಲ್ಲಿ ಕೆಲಸ ಮಾಡಲು ಬಾಯಿಮಾತಿನ ಒಪ್ಪಿಗೆ ಸಾಲದು, ಕಂದಾಯ ಇಲಾಖೆಯಿಂದ ಕಾಗದ ಕೊಡಿಸಿ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಬೆಟ್ಟದ ಹಾದಿಗಳನ್ನು ಸೈಕಲ್‌ಗೆ ಮುಚ್ಚುತ್ತಾ ಬಂದಾಗ, ಅಲ್ಲಿನ ಸೈಕಲ್ ಕ್ಲಬ್‌ಗಳು 1988ರಲ್ಲಿ ಸೇರಿ ಇಂಟರ್‌ನ್ಯಾಷನಲ್ ಮೌಂಟನ್ ಬೈಸಿಕ್ಲಿಂಗ್ ಅಸೋಸಿಯೇಷನ್ ಕಟ್ಟಿದವಂತೆ. ಹಾದಿ ರಿಪೇರಿಗೆ ತಾವೇ ಇಳಿದರಂತೆ. ನಮ್ಮ ಹುಡುಗರು ಯಾರೂ ಹೇಳದೆಯೇ ರಿಪೇರಿಗೆ ಇಳಿದಿದ್ದಾರೆ, ಅವರಿಗೆ ಒಂದು ಕಾಗದ ಕೊಡಲು ಕಷ್ಟವೇನು?

ಸೈಕಲ್ ತರುವವರಿಗೂ ಒಂದು ಮಾತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದಯವಿಟ್ಟು ಬರಬೇಡಿ. ಒದ್ದೆ ಮಣ್ಣಿನಲ್ಲಿ ಚಕ್ರ ಹೋದ ಗೆರೆಯೇ ಮುಂದಿನ ಮಳೆಗೆ ತೋಡಾಗುತ್ತದೆ. ಬೇರೆ ದಿನಗಳಲ್ಲಿ ಬಂದಾಗಲೂ ತಿರುವಿನಲ್ಲಿ ಹಿಂದಿನ ಬ್ರೇಕ್ ಒತ್ತಿ ಚಕ್ರ ಎಳೆಯಬೇಡಿ. ನೀವು ಒಂದು ಕ್ಷಣದಲ್ಲಿ ಕೆರೆದ ಮಣ್ಣನ್ನು ನಾವು ಬುಟ್ಟಿಯಲ್ಲಿ ಹೊತ್ತು ತಂದು ಹಾಕಿದ್ದು. ಕೆಸರು ಕಂಡರೆ ಪಕ್ಕದ ಗಿಡದ ಮೇಲೆ ಹೋಗಬೇಡಿ, ಹಾಗೆ ಹೋಗಿ ಹೋಗಿಯೇ ಎರಡಡಿ ಹಾದಿ ಆರಡಿ ಆಗುವುದು. ಇಳಿದು ತಳ್ಳಿಕೊಂಡು ಹೋಗಿ.

ತುಲಾ ಸಂಕ್ರಮಣ ಕಳೆದಿದೆ, ಮಳೆ ಹಿಂದೆ ಸರಿದಿದೆ. ಮಣ್ಣು ಇನ್ನೂ ಹಸಿಯಾಗಿದೆ, ಹಾರೆಗೆ ಮೆತ್ತಗೆ ಸಿಗುತ್ತದೆ. ಕಾಫಿ ಕೊಯ್ಲು ಶುರುವಾದರೆ ಫೆಬ್ರುವರಿ ಮುಗಿಯುವವರೆಗೆ ಯಾರಿಗೂ ಕೈ ಬಿಡುವಿರುವುದಿಲ್ಲ. ಅದಕ್ಕೇ ಮುಂದಿನ ನಾಲ್ಕು ಭಾನುವಾರ ಕೆಲಸ ಇಟ್ಟುಕೊಂಡಿದ್ದೇವೆ. ಒರತೆಯ ಮೇಲಿನ ತಿರುವು ಈ ಸಲ ಸ್ವಲ್ಪ ಕುಸಿದಿದೆ, ಮೊದಲು ಅದನ್ನು ಕಟ್ಟಬೇಕು. ಬೆಳಿಗ್ಗೆ 7 ಗಂಟೆಗೆ ನಮ್ಮ ಊರಿನ ಬಸ್ ತಂಗುದಾಣದ ಹತ್ತಿರ ಸೇರುತ್ತೇವೆ. ಜಿಗಣೆ ಇನ್ನೂ ಇದೆ, ಉದ್ದ ಕಾಲ್ಚೀಲ ಹಾಕಿಕೊಳ್ಳಿ. ರೊಟ್ಟಿ, ಕುಂಬಳಕಾಯಿ ಪಲ್ಯ ನಾನು ಮಾಡಿ ತರುತ್ತೇನೆ. ಹಾರೆ ನಮ್ಮ ಹತ್ತಿರ ಮೂರೇ ಇವೆ, ಇದ್ದವರು ತನ್ನಿ.

— ಒಬ್ಬ ಕಾಫಿ ಬೆಳೆಗಾರ್ತಿ, ಮಾದಾಪುರ ಬಳಿ, ಕೊಡಗು